ಕಾಯಿಲೆ ಇದ್ದಾಗ ಕೆಲಸ ಎಷ್ಟು, ವಿಶ್ರಾಂತಿ ಎಷ್ಟು? ಹಂತ ಹಂತವಾಗಿ ಒಂದು ಲೆಕ್ಕ

"ಡಾಕ್ಟರು ರೆಸ್ಟ್ ತಗೊಳ್ಳಿ ಅಂತಾರೆ. ಎಷ್ಟು ತಗೋಬೇಕು, ಹೇಗೆ ತಗೋಬೇಕು ಅಂತ ಮಾತ್ರ ಯಾರೂ ಹೇಳಲ್ಲ." ಓದುಗರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಇದೇ ಮತ್ತೆ ಮತ್ತೆ ಬರುತ್ತದೆ. ಕೇಳುವವರಲ್ಲಿ ಹೊಲಿಗೆ ಅಂಗಡಿ ಇಟ್ಟವರಿದ್ದಾರೆ, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರಿದ್ದಾರೆ, ಶಾಲೆ ಮೇಡಂಗಳಿದ್ದಾರೆ. ಅಕ್ಕನ ಬಳಗದ ಕಾರ್ಯದರ್ಶಿ, ಗಣೇಶ ಸಮಿತಿಯ ಖಜಾಂಚಿ ಅಂತ ಊರಿನ ಕೆಲಸ ಹೊತ್ತವರೂ ಇದ್ದಾರೆ. ಮೈಗಳ್ಳರು ಯಾರೂ ಈ ಪ್ರಶ್ನೆ ಕೇಳುವುದಿಲ್ಲ. ಸುಮ್ಮನೆ ಕೂರಲು ಬರದವರೇ ಕೇಳುವುದು.

ದಾವಣಗೆರೆ, ಚಿತ್ರದುರ್ಗದ ಕಡೆ ಸುಮ್ಮನೆ ಕೂರುವುದು ಇನ್ನೂ ಕಷ್ಟ. ನಾವು 'ಕಾಯಕವೇ ಕೈಲಾಸ' ಕೇಳುತ್ತಾ ಬೆಳೆದವರು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ 'ಮಾಡಿದಷ್ಟು ನೀಡು ಭಿಕ್ಷೆ' ನಮ್ಮ ಬಾಯಲ್ಲೇ ಇದೆ. ಹಗಲು ಹೊತ್ತು ಮಲಗಿದರೆ ಏನೋ ತಪ್ಪು ಮಾಡಿದ ಹಾಗೆ ಅನ್ನಿಸುತ್ತದೆ. ಆದರೆ ಅದೇ ಶರಣರ ಕಥೆಗಳಲ್ಲಿ ಆಯ್ದಕ್ಕಿ ಲಕ್ಕಮ್ಮನೂ ಇದ್ದಾಳೆ. ಗಂಡ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬನ್ನಿ ಅಂದವಳು ಅವಳು. ಕಾಯಕಕ್ಕೂ 'ಇವತ್ತಿಗೆ ಇಷ್ಟು ಸಾಕು' ಅನ್ನುವ ಗೆರೆ ಇತ್ತು. ಆ ಗೆರೆಯನ್ನು ಕಾಯಿಲೆಯ ದಿನಗಳಲ್ಲಿ ಎಲ್ಲಿ ಎಳೆಯಬೇಕು ಅನ್ನುವುದೇ ಈ ಲೇಖನ.

ನಾನು ಡಾಕ್ಟರಲ್ಲ. ರುಮಟಾಯ್ಡ್ ಸಂಧಿವಾತ ಇಟ್ಟುಕೊಂಡು ಕೆಲಸ, ಸಂಘ ಎರಡನ್ನೂ ನಡೆಸುತ್ತಿರುವವಳು. ಇಲ್ಲಿ ಬರೆದಿರುವುದು ವಾರಗಟ್ಟಲೆ ಅಥವಾ ವರ್ಷಗಟ್ಟಲೆ ಕಾಡುವ ಕಾಯಿಲೆಯವರಿಗೆ. ಎರಡು ದಿನದ ನೆಗಡಿಗೆ ಇಷ್ಟೆಲ್ಲ ಬೇಡ.

ಮೊದಲು ಇವನ್ನು ಹೊಂದಿಸಿಕೊಳ್ಳಿ

ಒಂದು ನೋಟ್‌ಬುಕ್. ಫೋನಿನಲ್ಲಿ ಬೇಡ, ಫೋನು ಕೈಗೆ ಬಂದರೆ ಅರ್ಧ ಗಂಟೆ ಹೋಯಿತು ಅಂತಲೇ ಲೆಕ್ಕ. ಅಡುಗೆಮನೆಗೆ ಒಂದು ಎತ್ತರದ ಸ್ಟೂಲು. ನಿಮ್ಮ ಮಾತು ನಂಬುವ ಒಬ್ಬರು: ಗಂಡನೋ, ಹೆಂಡತಿಯೋ, ಮಗಳೋ, ಪಕ್ಕದ ಮನೆ ಅಕ್ಕನೋ. ಮನೆಯಲ್ಲಿ ಎಲ್ಲರಿಗೂ ಅರ್ಥ ಮಾಡಿಸಲು ಹೊರಟರೆ ಅದರಲ್ಲೇ ಸುಸ್ತಾಗುತ್ತೀರಿ. ಒಬ್ಬರು ಸಾಕು.

1. ಡಾಕ್ಟರ ಹತ್ತಿರ 'ರೆಸ್ಟ್' ಅಂದರೆ ಏನು ಅಂತ ಕೇಳಿಸಿಕೊಂಡು ಬನ್ನಿ

ಈ ಹಂತವನ್ನು ಬಿಟ್ಟು ಮುಂದೆ ಹೋಗಬೇಡಿ. ಒಂದೊಂದು ಕಾಯಿಲೆಗೆ ಒಂದೊಂದು ತರದ ವಿಶ್ರಾಂತಿ. ಒಬ್ಬರಿಗೆ ಒಳ್ಳೆಯದಾದದ್ದು ಇನ್ನೊಬ್ಬರಿಗೆ ಕೆಟ್ಟದ್ದಾಗಬಹುದು.

ಡೆಂಗಿ ನೋಡಿ. ಜ್ವರ ಇಳಿದ ತಕ್ಷಣ "ಹುಷಾರಾದೆ" ಅಂತ ಅಂಗಡಿ ಬಾಗಿಲು ತೆಗೆಯುವವರಿದ್ದಾರೆ. ಆದರೆ ಜ್ವರ ಇಳಿಯುವ ಹೊತ್ತಿನ 24ರಿಂದ 48 ಗಂಟೆಯೇ ಅಪಾಯದ ಸಮಯ. ಆಗಲೇ ರಕ್ತಸ್ರಾವ, ಬಿಪಿ ಕುಸಿಯುವುದು ಆಗಬಹುದು. ಅದು ದಾಟಿದ ಮೇಲೂ ಸುಸ್ತು ಕೆಲವು ವಾರ ಇರುವುದುಂಟು. ಚಿಕೂನ್‌ಗುನ್ಯದಲ್ಲಿ ಜ್ವರ ಒಂದು ವಾರಕ್ಕೆ ಹೋದರೂ ಕೀಲುನೋವು ತಿಂಗಳುಗಟ್ಟಲೆ ಉಳಿಯಬಹುದು. 2006ರಲ್ಲಿ ನಮ್ಮ ರಾಜ್ಯದಲ್ಲಿ ಅದು ಹಬ್ಬಿದಾಗ ಎಷ್ಟೋ ಜನ ಬಹಳ ದಿನ ಕುಂಟುತ್ತಾ ಓಡಾಡಿದ್ದು ಹಿರಿಯರಿಗೆ ನೆನಪಿರುತ್ತದೆ.

ಕ್ಷಯಕ್ಕೆ, ಅಂದರೆ ಟಿಬಿಗೆ, ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳ ಮಾತ್ರೆ. ಎರಡು ತಿಂಗಳಿಗೆ ಕೆಮ್ಮು ನಿಂತು ಮೈ ಹಗುರಾಗುತ್ತದೆ. ಅಲ್ಲೇ ಎಡವುವುದು. ಕೆಲಸದ ಗಡಿಬಿಡಿಯಲ್ಲಿ ಮಾತ್ರೆ ತಪ್ಪುತ್ತದೆ.

ಬೈಪಾಸ್ ಆಪರೇಷನ್ ಆದವರಿಗೆ ಎದೆಮೂಳೆ ಕೂಡಿಕೊಳ್ಳಲು ಎರಡು-ಮೂರು ತಿಂಗಳು ಬೇಕು. ಆ ದಿನಗಳಲ್ಲಿ ನಿಧಾನ ನಡಿಗೆ ಬೇಕು, ನೀರಿನ ಕೊಡ ಎತ್ತುವುದು ಬೇಡ. ಕೀಮೋ ಮಾಡಿಸಿಕೊಳ್ಳುವವರಿಗೆ ಪ್ರತಿ ಸುತ್ತಿನ ನಂತರದ ಕೆಲವು ದಿನ ತುಂಬಾ ಸುಸ್ತು. ಆದರೂ ದಿನಾ ಸ್ವಲ್ಪ ಓಡಾಡುವುದರಿಂದ ಆ ಸುಸ್ತು ಕಡಿಮೆಯಾಗುತ್ತದೆ. ಖಿನ್ನತೆಯಲ್ಲಂತೂ ಹಾಸಿಗೆಯಲ್ಲೇ ಉಳಿದಷ್ಟೂ ಜಾಸ್ತಿಯಾಗುತ್ತದೆ. ಅಲ್ಲಿ ಸಣ್ಣ ಸಣ್ಣ ಕೆಲಸಗಳೇ ಚಿಕಿತ್ಸೆಯ ಭಾಗ. ಮಾತಾಡಲು ಯಾರೂ ಇಲ್ಲದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇನ್ನೊಂದು ಗುಂಪಿದೆ. ಕೋವಿಡ್ ಅಥವಾ ಬೇರೆ ವೈರಸ್ ಜ್ವರ ಬಂದು ಹೋದ ಮೇಲೂ ಸುಸ್ತು ಬಿಡದವರು. ಇವರಲ್ಲಿ ಕೆಲವರಿಗೆ ಇವತ್ತು ಮೈಮುರಿದು ದುಡಿದರೆ ಇವತ್ತೇನೂ ಆಗುವುದಿಲ್ಲ. ನಾಳೆಯೋ ನಾಡಿದ್ದೋ ನೆಲ ಹಿಡಿಯುತ್ತಾರೆ. ಕೆಲವೊಮ್ಮೆ ವಾರಗಟ್ಟಲೆ ಏಳಲಾಗುವುದಿಲ್ಲ. ಇದಕ್ಕೆ 'ಶ್ರಮದ ನಂತರದ ಕುಸಿತ' ಅನ್ನಬಹುದು. ಇಂಥವರಿಗೆ "ದಿನಾ ಸ್ವಲ್ಪ ಸ್ವಲ್ಪ ವ್ಯಾಯಾಮ ಜಾಸ್ತಿ ಮಾಡಿ, ಸರಿಹೋಗುತ್ತೆ" ಅನ್ನುವ ಸಲಹೆ ಹಾನಿ ಮಾಡಬಹುದು. ದೀರ್ಘಕಾಲದ ಸುಸ್ತಿನ ರೋಗವಾದ ಎಂಇ/ಸಿಎಫ್‌ಎಸ್ ಇರುವವರಿಗೆ ಇಂಥ ಏರಿಕೆಯ ವ್ಯಾಯಾಮ ಕೊಡಬೇಡಿ ಅಂತ, ಬ್ರಿಟನ್ನಿನಲ್ಲಿ ಚಿಕಿತ್ಸೆಗೆ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ 2021ರಲ್ಲಿ ಹೇಳಿದೆ.

ಹಾಗಾಗಿ ಡಾಕ್ಟರ ಮುಂದೆ ಕೂತಾಗ ಈ ನಾಲ್ಕನ್ನು ಕೇಳಿ. ಬರೆದುಕೊಂಡೇ ಹೋಗಿ, ಒಳಗೆ ಹೋದರೆ ಮರೆತುಹೋಗುತ್ತದೆ.

ನನಗೆ ಮಲಗುವ ರೆಸ್ಟ್ ಬೇಕಾ, ಅಥವಾ ಓಡಾಡುತ್ತಾ ತಗೊಳ್ಳುವ ರೆಸ್ಟಾ? ಎಷ್ಟು ಭಾರ ಎತ್ತಬಹುದು, ಎಷ್ಟು ಹೊತ್ತು ನಿಲ್ಲಬಹುದು? ಯಾವ ಲಕ್ಷಣ ಕಂಡರೆ ಕೆಲಸ ಅಲ್ಲೇ ಬಿಟ್ಟು ನಿಮ್ಮ ಹತ್ತಿರ ಬರಬೇಕು? ಈ ಸುಸ್ತಿಗೆ ಬೇರೆ ಕಾರಣ ಇರಬಹುದಾ?

ನಾಲ್ಕನೆಯದನ್ನು ಹಗುರವಾಗಿ ತಗೋಬೇಡಿ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ, ಬಿ12 ಕೊರತೆ ಇವೆಲ್ಲ ಸುಸ್ತನ್ನೇ ತರುತ್ತವೆ. ಹೆಂಗಸರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ನಮ್ಮಲ್ಲಿ ಎಷ್ಟೋ ಜನ "ವಯಸ್ಸಾಯ್ತು" ಅಂದುಕೊಂಡು ವರ್ಷಗಟ್ಟಲೆ ಅದನ್ನೇ ಎಳೆದಾಡುತ್ತಾರೆ.

2. ಎರಡು ವಾರ ಬರೆಯಿರಿ, ಏನನ್ನೂ ಬದಲಾಯಿಸಬೇಡಿ

ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತು. ಏನು ಮಾಡಿದೆ, ಆಮೇಲೆ ಹೇಗನ್ನಿಸಿತು. ಸುಸ್ತಿಗೆ 0ರಿಂದ 10ರ ಒಳಗೆ ಒಂದು ಅಂಕ ಕೊಡಿ. ಮೂರು ಪದ ಬರೆದರೂ ಸಾಕು: "ಬಟ್ಟೆ ಒಗೆದೆ, 7."

ಎರಡು ವಾರವಾದ ಮೇಲೆ ನೋಡಿದರೆ ನೀವು ಅಂದುಕೊಂಡದ್ದು ಬೇರೆ, ಪುಸ್ತಕ ಹೇಳುವುದು ಬೇರೆ ಅಂತ ಗೊತ್ತಾಗುತ್ತದೆ. ಜಾಸ್ತಿ ಜನರ ಪುಸ್ತಕದಲ್ಲಿ ಎದ್ದು ಕಾಣುವುದು ನೀರು ಬರುವ ದಿನ. ನಲ್ಲಿ ನೀರು ದಿನಾ ಬರದ ಬಡಾವಣೆಗಳಲ್ಲಿ ನೀರು ಬಿಟ್ಟ ದಿನ ಡ್ರಮ್ಮು ತುಂಬಿಸುವುದು, ಬಟ್ಟೆ ಒಗೆಯುವುದು, ಮನೆ ತೊಳೆಯುವುದು, ತಲೆಸ್ನಾನ ಎಲ್ಲ ಒಂದೇ ಬೆಳಿಗ್ಗೆ. ಮರುದಿನ ಹಾಸಿಗೆ. ಅದಕ್ಕೆ "ಹವಾಮಾನ ಸರಿ ಇಲ್ಲ" ಅಂತಲೋ "ದೃಷ್ಟಿ" ಅಂತಲೋ ಹೆಸರಿಡುತ್ತೇವೆ.

ಹಿಂದಿನ ದಿನವನ್ನೂ ಅದರ ಹಿಂದಿನ ದಿನವನ್ನೂ ನೋಡಿ. ಕುಸಿತ ಒಂದೆರಡು ದಿನ ತಡವಾಗಿ ಬರುತ್ತದೆ ಅಂತ ಹೇಳಿದೆನಲ್ಲ. ಬುಧವಾರದ ಸುಸ್ತಿನ ಬೇರು ಸೋಮವಾರದಲ್ಲಿ ಇರಬಹುದು.

ಎಚ್ಚರಿಕೆ: ಮನಸ್ಸಿನ ಶ್ರಮವನ್ನೂ ಬರೆಯಿರಿ. ಸಂಘದ ಮೀಟಿಂಗಿನಲ್ಲಿ ಸಾಲದ ಕಂತಿನ ಬಗ್ಗೆ ಜಗಳ, ನೆಂಟರ ಫೋನು, ಶಾಲೆಯ ಮೌಲ್ಯಮಾಪನ. ಕೂತು ಮಾಡಿದ್ದೆಲ್ಲ ವಿಶ್ರಾಂತಿಯಲ್ಲ.

3. ಕೆಲಸಗಳನ್ನು ನಾಲ್ಕು ಹೆಸರಿನ ಕೆಳಗೆ ಹಂಚಿ

ಹೊಟ್ಟೆಪಾಡಿನದು. ಮನೆಯದು. ಊರಿನದು. ನನ್ನದು.

'ನನ್ನದು' ಅಂದರೆ ಮಾಡಿದಾಗ ಮನಸ್ಸು ತುಂಬುವಂಥದ್ದು. ಒಬ್ಬರಿಗೆ ವಚನ ಹಾಡುವುದು, ಒಬ್ಬರಿಗೆ ಓಣಿಯ ಮಕ್ಕಳಿಗೆ ಪಾಠ, ಇನ್ನೊಬ್ಬರಿಗೆ ಹೊಲಕ್ಕೆ ಹೋಗಿ ಮೆಕ್ಕೆಜೋಳ ಹೇಗಿದೆ ನೋಡಿ ಬರುವುದು. ಕಾಯಿಲೆ ಬಂದಾಗ ಎಲ್ಲರೂ ಮೊದಲು ಕೈಬಿಡುವುದು ಇದನ್ನೇ. ಹೊಟ್ಟೆಪಾಡಂತೂ ಬಿಡಲಾಗದು, ಮನೆ ಕೆಲಸ ಬಿಡಲು ನಾಚಿಕೆ, ಊರ ಕೆಲಸ ಬಿಡಲು ದಾಕ್ಷಿಣ್ಯ. ಹಾಗಾಗಿ ತಮಗಾಗಿ ಇದ್ದ ಒಂದನ್ನೂ ಬಿಟ್ಟು, ಉಳಿದ ಮೂರನ್ನು ಎಳೆಯುತ್ತಾ ಬೇಸತ್ತು ಹೋಗುತ್ತಾರೆ.

ನನ್ನ ಸಲಹೆ ಇದಕ್ಕೆ ಉಲ್ಟಾ. 'ನನ್ನದು' ಅನ್ನುವುದರ ಕೆಳಗೆ ಒಂದನ್ನು, ಒಂದೇ ಒಂದನ್ನು, ಬಿಡದೆ ಇಟ್ಟುಕೊಳ್ಳಿ. ವಾರಕ್ಕೆ ಅರ್ಧ ಗಂಟೆಯಾದರೂ ಸರಿ. ಕಡಿತವನ್ನು ಮನೆ ಕೆಲಸದಿಂದ ಶುರು ಮಾಡಿ. ಮನೆ ಸ್ವಲ್ಪ ಧೂಳು ಹಿಡಿದರೆ ಯಾರೂ ಸಾಯುವುದಿಲ್ಲ.

ಪ್ರತಿ ಕೆಲಸದ ಮುಂದೆ ಒಂದು ಗುರುತು ಹಾಕಿ: ನಾನೇ ಮಾಡಬೇಕು, ಬೇರೆಯವರು ಮಾಡಬಹುದು, ಮಾಡದಿದ್ದರೂ ನಡೆಯುತ್ತದೆ. ಮೂರನೆಯ ಗುರುತು ಒಂದಕ್ಕೂ ಬೀಳದಿದ್ದರೆ ನೀವು ಸುಳ್ಳು ಬರೆಯುತ್ತಿದ್ದೀರಿ. ಮತ್ತೆ ನೋಡಿ.

4. ದಿನದ ಹಾಳೆಯಲ್ಲಿ ವಿಶ್ರಾಂತಿಯನ್ನು ಮೊದಲು ಬರೆಯಿರಿ

ಇದೇ ಈ ಲೇಖನದ ತಿರುಳು. ಕೆಲಸವೆಲ್ಲ ಮುಗಿದ ಮೇಲೆ ಮಲಗುತ್ತೇನೆ ಅಂದರೆ ಕೆಲಸ ಮುಗಿಯುವುದೂ ಇಲ್ಲ, ಮಲಗುವುದೂ ಇಲ್ಲ. ಹೊತ್ತು ಗೊತ್ತು ಮಾಡಿ ಬರೆದುಬಿಡಿ: 11ಕ್ಕೆ ಹದಿನೈದು ನಿಮಿಷ, ಊಟವಾದ ಮೇಲೆ ಮುಕ್ಕಾಲು ಗಂಟೆ, ಸಂಜೆ 5ಕ್ಕೆ ಹದಿನೈದು ನಿಮಿಷ. ಆಮೇಲೆ ಉಳಿದ ಜಾಗದಲ್ಲಿ ಕೆಲಸ ಹಾಕಿ. ಸುಸ್ತಾಗಿರಲಿ ಬಿಡಲಿ, ಆ ಹೊತ್ತಿಗೆ ಕೂರಬೇಕು. ಸುಸ್ತಾಗುವ ಮುಂಚೆಯೇ ಕೂತರೆ ಹದಿನೈದು ನಿಮಿಷ ಸಾಕು. ಸುಸ್ತಾದ ಮೇಲೆ ಕೂತರೆ ಮಧ್ಯಾಹ್ನವೆಲ್ಲ ಸಾಲದು. ಹೀಗೆ ಶಕ್ತಿಯನ್ನು ಅಳೆದು ಖರ್ಚು ಮಾಡುವುದಕ್ಕೆ ಫಿಸಿಯೋಥೆರಪಿಯವರು 'ಪೇಸಿಂಗ್' ಅನ್ನುತ್ತಾರೆ. ಅಂದರೆ ದಿನಕ್ಕೊಂದು ಹದ ಇಟ್ಟುಕೊಳ್ಳುವುದು.

ಎಷ್ಟು ಕೆಲಸ ಹಾಕಬೇಕು? ಡೈರಿಯಲ್ಲಿ ನಿಮ್ಮ ಕೆಟ್ಟ ದಿನ ಯಾವುದು, ಒಳ್ಳೆ ದಿನ ಯಾವುದು ನೋಡಿ. ಸಾಮಾನ್ಯ ದಿನದಲ್ಲಿ ತೊಂದರೆ ಇಲ್ಲದೆ ಆಗುವಷ್ಟರ ಮುಕ್ಕಾಲು ಪಾಲು ಹಾಕಿ. ಉಳಿದ ಕಾಲು ಪಾಲು ಅನಿರೀಕ್ಷಿತಕ್ಕೆ: ಗ್ಯಾಸ್ ಖಾಲಿ, ಮಗುವಿಗೆ ಜ್ವರ, ಬಂದ ನೆಂಟರು.

ಕಾಯಿಲೆಗೆ ತಕ್ಕ ಹೊತ್ತು ಆರಿಸಿಕೊಳ್ಳಿ. ರುಮಟಾಯ್ಡ್ ಇದ್ದವರಿಗೆ ಬೆಳಿಗ್ಗೆ ಎದ್ದಾಗ ಕೈಬೆರಳು ಒಂದು ಗಂಟೆಗೂ ಹೆಚ್ಚು ಬಿಗಿದುಕೊಂಡಿರುತ್ತವೆ. ಅವರು ಕೈಕೆಲಸವನ್ನು 10ರ ನಂತರಕ್ಕೆ ಇಟ್ಟುಕೊಳ್ಳಬೇಕು. ಡಯಾಲಿಸಿಸ್‌ಗೆ ಹೋಗುವವರಿಗೆ ವಾರಕ್ಕೆ ಎರಡು-ಮೂರು ಸಲ, ಒಂದೊಂದು ಸಲಕ್ಕೆ ಸುಮಾರು ನಾಲ್ಕು ಗಂಟೆ ಹೋಗುತ್ತದೆ. ಆ ದಿನದ ಸಂಜೆಗೆ ಏನನ್ನೂ ಬರೆಯಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಎಲ್ಲರಿಗೂ ಹೊರಗಿನ ಕೆಲಸ ಬೆಳಿಗ್ಗೆ 9ರ ಒಳಗೆ. ನಮ್ಮ ಬಿಸಿಲಿಗೆ ಗಟ್ಟಿ ಇದ್ದವರೇ ಬಾಡುತ್ತಾರೆ.

ವಿಶ್ರಾಂತಿ ಅಂದರೆ ಏನು ಅಂತಲೂ ಹೇಳಿಬಿಡುತ್ತೇನೆ. ಧಾರಾವಾಹಿ ನೋಡುವುದಲ್ಲ, ರೀಲ್ಸ್ ನೋಡುವುದಲ್ಲ, ಮಲಗಿಕೊಂಡು ವಾಟ್ಸಾಪ್ ಗ್ರೂಪಿಗೆ ಉತ್ತರ ಕೊಡುವುದಂತೂ ಅಲ್ಲವೇ ಅಲ್ಲ. ಫೋನು ಬೇರೆ ಕೋಣೆಯಲ್ಲಿ. ಕಣ್ಣು ಮುಚ್ಚಿ, ಕಾಲು ಚಾಚಿ, ಉಸಿರು ನಿಧಾನ. ನಿದ್ದೆ ಬರಲೇಬೇಕು ಅಂತಿಲ್ಲ. ಮೊದಲ ಒಂದು ವಾರ ಚಡಪಡಿಕೆಯಾಗುತ್ತದೆ. "ಕುಕ್ಕರ್ ಇಟ್ಟು ಬರ್ತೀನಿ" ಅಂತ ಎದ್ದುಬಿಡುತ್ತೀರಿ. ಏಳಬೇಡಿ.

ಅತಿ ದೊಡ್ಡ ಗುಂಡಿ ಇಲ್ಲಿದೆ: ಒಳ್ಳೆಯ ದಿನ. ಬೆಳಿಗ್ಗೆ ಎದ್ದಾಗ ಮೈ ಹಗುರ, ನೋವಿಲ್ಲ. ತಕ್ಷಣ ಬಾಕಿ ಬಿದ್ದದ್ದೆಲ್ಲ ನೆನಪಾಗುತ್ತದೆ. ಅಟ್ಟ ಸ್ವಚ್ಛ ಮಾಡಿ, ಕೆ.ಆರ್. ಮಾರ್ಕೆಟ್‌ಗೆ ಹೋಗಿ, ಬರುವಾಗ ಅತ್ತೆ ಮನೆಗೂ ಹೋಗಿ ಬಂದಿರುತ್ತೀರಿ. ಆ ಶಕ್ತಿ ಮುಂದಿನ ವಾರದ ಕೈಗಡ ಸಾಲ, ಬಡ್ಡಿ ಸಮೇತ ಕಟ್ಟಬೇಕಾಗುತ್ತದೆ. ಒಳ್ಳೆಯ ದಿನವೂ ಹಾಳೆಯಲ್ಲಿ ಬರೆದಷ್ಟೇ ಮಾಡಿ. ಸ್ಟೀರಾಯ್ಡ್ ಮಾತ್ರೆ ತಗೊಳ್ಳುವವರು ಇನ್ನೂ ಹುಷಾರಾಗಿರಿ. ಆ ಮಾತ್ರೆ ಕೆಲವರಿಗೆ ಸುಳ್ಳು ಹುರುಪು ಕೊಡುತ್ತದೆ, ನಿದ್ದೆ ಕಡಿಮೆ ಮಾಡುತ್ತದೆ. ಹಾಗಂತ ಡಾಕ್ಟರನ್ನು ಕೇಳದೆ ಅದನ್ನು ಥಟ್ಟನೆ ನಿಲ್ಲಿಸುವುದು ಇನ್ನೂ ಅಪಾಯ.

5. ಕೆಲಸವನ್ನು ತುಂಡು ಮಾಡಿ, ಕೂತು ಮಾಡಿ

ಇದು ಬೇಗ ಹೇಳಿ ಮುಗಿಸುವಂಥದ್ದು. ತರಕಾರಿ ಹೆಚ್ಚುವುದು, ಕಾಳು ಆರಿಸುವುದು, ಇಸ್ತ್ರಿ ಎಲ್ಲ ಕೂತು. ಒಗೆಯುವುದು ಇವತ್ತು, ಮಡಚುವುದು ನಾಳೆ. ಕೊಡ ಬಿಟ್ಟು ಸಣ್ಣ ಬಕೆಟ್ಟು, ಇಲ್ಲವೇ ನಲ್ಲಿಗೆ ಪೈಪು. ಜೋಳದ ರೊಟ್ಟಿ ಬಡಿಯುವುದು ಮಣಿಕಟ್ಟು, ಭುಜಕ್ಕೆ ಭಾರ. ಮುದ್ದೆ ತಿರುವುವುದೂ ಅಷ್ಟೇ. ಮುದ್ದೆ ತಿರುವುವ ಕೆಲಸ ಮನೆಯ ಗಂಡಸರಿಗೆ ಕಲಿಸಿ, ಅವರ ತೋಳಿಗೆ ಅದು ಲೆಕ್ಕಕ್ಕಿಲ್ಲ. ರೊಟ್ಟಿಯನ್ನು ಮನೆಯಲ್ಲಿ ಮಾಡಿ ಮಾರುವ ಹೆಂಗಸರಿಂದ ಕೊಳ್ಳಿ. ಒಣರೊಟ್ಟಿ ದಿನಗಟ್ಟಲೆ ಇರುತ್ತದೆ, ಅವರಿಗೂ ಒಂದು ದುಡಿಮೆ.

6. ದುಡಿಯುವ ಜಾಗದಲ್ಲಿ ಮಾತಾಡಿ, ಕಾಗದವನ್ನು ಮುಂದಿಟ್ಟುಕೊಂಡು

ದಿನಗೂಲಿಯವರಿಗೆ ಇಲ್ಲಿಯವರೆಗೆ ಹೇಳಿದ ಎಷ್ಟೋ ಮಾತು ತಮಾಷೆಯಾಗಿ ಕಂಡಿರಬಹುದು. ಒಂದು ದಿನ ಕೂತರೆ ಆ ದಿನದ ಕೂಲಿ ಇಲ್ಲ. ಅದು ನಿಜ, ಅದಕ್ಕೆ ಡೈರಿಯಲ್ಲಿ ಪರಿಹಾರವಿಲ್ಲ. ಆದರೆ ಹಕ್ಕಿದ್ದೂ ಕೇಳದೆ ಬಿಟ್ಟ ದುಡ್ಡು ಬಹಳಷ್ಟಿದೆ.

ನಿಮ್ಮ ಸಂಬಳದಲ್ಲಿ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ವಂತಿಗೆ, ಕಡಿತವಾಗುತ್ತಿದೆಯೇ ನೋಡಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವ, ಇಎಸ್‌ಐ ವ್ಯಾಪ್ತಿಯ ಕಾರ್ಖಾನೆ, ಅಂಗಡಿ, ಆಸ್ಪತ್ರೆ, ಹೋಟೆಲುಗಳ ನೌಕರರಿಗೆ ಇದು ಇರುತ್ತದೆ. ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿದ್ದರೆ, ಕಾಯಿಲೆ ರಜೆಯಲ್ಲಿ ಸರಾಸರಿ ದಿನಗೂಲಿಯ 70% ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ. ಟಿಬಿ, ಕ್ಯಾನ್ಸರ್‌ನಂಥ ಪಟ್ಟಿಯಲ್ಲಿರುವ 34 ದೀರ್ಘ ಕಾಯಿಲೆಗಳಿಗೆ, ಎರಡು ವರ್ಷದ ಸೇವೆ ಮೊದಲಾದ ಷರತ್ತು ಪೂರೈಸಿದ್ದರೆ, 80% ಲೆಕ್ಕದಲ್ಲಿ ಎರಡು ವರ್ಷದವರೆಗೂ ವಿಸ್ತರಿಸಬಹುದು. ದಾವಣಗೆರೆಯಲ್ಲಿ ಇಎಸ್‌ಐ ಆಸ್ಪತ್ರೆಯೇ ಇದೆ. ನೆನಪಿಡಿ, ರಜೆಯ ಸರ್ಟಿಫಿಕೇಟು ಇಎಸ್‌ಐ ವೈದ್ಯರಿಂದಲೇ ಬರಬೇಕು. ಖಾಸಗಿ ಕ್ಲಿನಿಕ್ಕಿನ ಚೀಟಿ ಹಿಡಿದು ಹೋಗಿ ವಾಪಸ್ ಬರುವವರೇ ಜಾಸ್ತಿ.

ಟಿಬಿ ಚಿಕಿತ್ಸೆಯಲ್ಲಿ ಇರುವವರಿಗೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಊಟದ ಖರ್ಚಿಗೆ ತಿಂಗಳಿಗೆ 1,000 ರೂಪಾಯಿ ನೇರ ಬ್ಯಾಂಕಿಗೆ ಬರುತ್ತದೆ. 2024ರ ನವೆಂಬರ್‌ವರೆಗೆ ಅದು 500 ಇತ್ತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡು ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆ ಖರ್ಚು ಭರಿಸುತ್ತದೆ. ಆದರೆ ಕಳೆದ ಕೂಲಿಯನ್ನು ಕೊಡುವುದಿಲ್ಲ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಸರ್ಕಾರಿ ನೌಕರರಿಗೆ, ಶಿಕ್ಷಕರಿಗೂ, ವರ್ಷಕ್ಕೆ 20 ದಿನ ಅರ್ಧವೇತನ ರಜೆ ಜಮೆಯಾಗುತ್ತದೆ. ವೈದ್ಯಕೀಯ ಪ್ರಮಾಣಪತ್ರ ಕೊಟ್ಟರೆ ಎರಡು ದಿನದ ಅರ್ಧವೇತನ ರಜೆಯನ್ನು ಒಂದು ದಿನದ ಪೂರ್ಣ ವೇತನದ 'ಪರಿವರ್ತಿತ ರಜೆ' ಮಾಡಿಕೊಳ್ಳಬಹುದು. ಒಂದೇ ಸಲ ಎಲ್ಲ ರಜೆ ಹಾಕಿ ಮುಗಿಸಬೇಡಿ. ದೀರ್ಘ ಕಾಯಿಲೆಯಲ್ಲಿ ವಾರದ ಮಧ್ಯೆ ಒಂದೊಂದು ದಿನ ಬಿಡುವು ತಗೊಳ್ಳುವುದು ತಿಂಗಳ ರಜೆಗಿಂತ ಎಷ್ಟೋ ಸಲ ಒಳ್ಳೆಯದು.

ರಜೆ ಆಗದಿದ್ದರೆ ಕೆಲಸದ ರೀತಿ ಬದಲಾಯಿಸಲು ಕೇಳಿ. ಹೀಗೆ ಕೇಳಿದರೆ ಸಿಗುವ ಸಾಧ್ಯತೆ ಜಾಸ್ತಿ: "ಸರ್, ನಾನು ಕೆಲಸ ಬಿಡಲ್ಲ. ನಿಂತು ಮಾಡೋ ಕೆಲಸ ಮೂರು ತಿಂಗಳು ಬೇಡ ಅಂದಿದ್ದಾರೆ, ಚೀಟಿ ಇಲ್ಲಿದೆ. ಬಿಲ್ಲಿಂಗ್ ಕೌಂಟರ್‌ನಲ್ಲಿ ಕೂರ್ತೀನಿ, ಆಗುತ್ತಾ?" ಕಷ್ಟವನ್ನು ಮಾತ್ರ ಹೇಳಿ ಸುಮ್ಮನಾಗಬೇಡಿ. ಏನು ಮಾಡಬಲ್ಲಿರಿ, ಎಷ್ಟು ದಿನ ಅನ್ನುವುದನ್ನೂ ನೀವೇ ಹೇಳಿ.

7. ಸಂಘ ಬಿಡಬೇಡಿ, ಪಾತ್ರ ಬದಲಾಯಿಸಿಕೊಳ್ಳಿ

ಕಾಯಿಲೆಯವರು ಇಲ್ಲಿ ಎರಡು ತುದಿಗೆ ಹೋಗುತ್ತಾರೆ. ಕೆಲವರು ಎಲ್ಲದಕ್ಕೂ ರಾಜೀನಾಮೆ ಕೊಟ್ಟು ಮನೆ ಸೇರುತ್ತಾರೆ. ತಿಂಗಳೆರಡು ತಿಂಗಳಿಗೆ ಕಾಯಿಲೆ ಬಿಟ್ಟರೆ ಬೇರೆ ಮಾತೇ ಇರುವುದಿಲ್ಲ. ಇನ್ನು ಕೆಲವರು "ನಾನಿಲ್ಲದಿದ್ದರೆ ನಡೆಯಲ್ಲ" ಅಂತ ಡ್ರಿಪ್ ತೆಗೆಸಿಕೊಂಡು ಬಂದು ಪೆಂಡಾಲಿನಲ್ಲಿ ನಿಲ್ಲುತ್ತಾರೆ. ನೇರವಾಗಿ ಹೇಳಬೇಕೆಂದರೆ, ನೀವಿಲ್ಲದಿದ್ದರೂ ನಡೆಯುತ್ತದೆ. ಸ್ವಲ್ಪ ಬೇರೆ ತರ ನಡೆಯುತ್ತದೆ, ಅಷ್ಟೇ.

ಓಡಾಡುವ ಕೆಲಸವನ್ನು ಕೂತು ಮಾಡುವ ಕೆಲಸಕ್ಕೆ ಬದಲಾಯಿಸಿಕೊಳ್ಳಿ. ಚಂದಾ ಪಟ್ಟಿ ಎತ್ತಲು ಮನೆಮನೆಗೆ ಹೋಗುವ ಬದಲು ಲೆಕ್ಕ ಬರೆಯುವುದು. ದಾಸೋಹದ ಅಡುಗೆಗೆ ನಿಲ್ಲುವ ಬದಲು ಎಷ್ಟು ಜನಕ್ಕೆ ಎಷ್ಟು ಅಕ್ಕಿ ಅಂತ ಅಂದಾಜು ಬರೆದುಕೊಡುವುದು. ಸ್ವಸಹಾಯ ಸಂಘದ ವಾರದ ಸಭೆಯನ್ನು ನಿಮ್ಮ ಮನೆ ಜಗುಲಿಯಲ್ಲೇ ಇಡಿ ಅಂತ ಕೇಳುವುದು, ಚಹಾ ಮಾತ್ರ ಅವರೇ ಮಾಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ. ನಡಾವಳಿ ಪುಸ್ತಕ ಬರೆಯುವುದು ಯಾರಿಗೂ ಇಷ್ಟವಿಲ್ಲದ ಕೆಲಸ. ನೀವು ತಗೊಂಡರೆ ಎಲ್ಲರಿಗೂ ಖುಷಿ.

ಪ್ರತಿ ಜವಾಬ್ದಾರಿಗೂ ಎರಡನೆಯ ಹೆಸರು ಬರೆಸಿ. ಬ್ಯಾಂಕಿಗೆ ಹೋಗುವವರು ಇಬ್ಬರು, ಬೀಗದ ಕೈ ಇಬ್ಬರ ಹತ್ತಿರ. ನೀವು ಬೆಳಿಗ್ಗೆ ಏಳಲಾಗದಿದ್ದರೆ ಒಂದು ಮೆಸೇಜಿನಲ್ಲಿ ಕೆಲಸ ಮುಗಿಯಬೇಕು.

ಇಲ್ಲ ಅನ್ನಲು ಮಾತು ಸಿಗದವರಿಗೆ ಒಂದೆರಡು ಸಿದ್ಧ ವಾಕ್ಯ:

"ಅಕ್ಕಾ, ಈ ಸಲ ಅಡುಗೆಗೆ ಬರಕ್ಕಾಗಲ್ಲ. ಬುಧವಾರ ಸಂಜೆ ಕೂತು ಲೆಕ್ಕ ಬರ್ಕೊಡ್ತೀನಿ."

"ಅಣ್ಣಾ, ನೋಡಿ ಹೇಳ್ತೀನಿ, ನಾಳೆವರೆಗೂ ಟೈಮ್ ಕೊಡಿ." ಕೇಳಿದ ತಕ್ಷಣ ಹೂಂ ಅನ್ನುವ ಅಭ್ಯಾಸ ಇದ್ದವರಿಗೆ ಇದೊಂದೇ ಸಾಕು.

"ಯಜಮಾನ್ರೇ, ಅರ್ಧ ಗಂಟೆ ಕೂತು ಹೊರಟ್ಬಿಡ್ತೀನಿ, ತಪ್ಪು ತಿಳ್ಕೋಬೇಡಿ." ಇದನ್ನು ಬಂದ ಕೂಡಲೇ ಹೇಳಿ. ಹೊರಡುವಾಗ ಹೇಳಿದರೆ ಊಟ ಮಾಡದೆ ಬಿಡುವುದಿಲ್ಲ.

8. ಜಾತ್ರೆ, ಮದುವೆ, ಹಬ್ಬ: ಮೂರು ದಿನ ಹಿಂದೆ, ಮೂರು ದಿನ ಮುಂದೆ

ದಾವಣಗೆರೆಯವರಿಗೆ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ. ಹಳೇ ಊರಿನಲ್ಲಿ ಮನೆ ಇದ್ದರಂತೂ ಮುಗಿಯಿತು. ನೆಂಟರು, ನೆಂಟರ ನೆಂಟರು, ಮಗನ ಆಫೀಸಿನವರು, ಎಲ್ಲರಿಗೂ ಬಾಡೂಟ. ಕಾಯಿಲೆ ಇದೆ ಅಂತ ಜಾತ್ರೆ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ.

ಜಾತ್ರೆಯ ಹಿಂದಿನ ಮೂರು ದಿನ ಹಾಳೆಯಲ್ಲಿ ಅರ್ಧ ಕೆಲಸ ಮಾತ್ರ. ನಂತರದ ಮೂರು ದಿನ ಖಾಲಿ. ಆ ದಿನಗಳಿಗೆ ಡಾಕ್ಟರ ಅಪಾಯಿಂಟ್‌ಮೆಂಟ್, ಬ್ಯಾಂಕು, ಮಕ್ಕಳ ಶಾಲೆ ಮೀಟಿಂಗು ಏನನ್ನೂ ಹಾಕಿಕೊಳ್ಳಬೇಡಿ. ಸುಣ್ಣಬಣ್ಣ, ಪಾತ್ರೆ ತೊಳೆಯುವುದು, ಮಸಾಲೆ ಕುಟ್ಟಿಸುವುದನ್ನು ಒಂದು ತಿಂಗಳು ಮುಂಚೆಯಿಂದ ತುಂಡು ತುಂಡಾಗಿ ಮಾಡಿ.

ಆ ದಿನಕ್ಕೆ ನಿಮ್ಮ ಕೆಲಸ ಒಂದೇ ಆಗಿರಲಿ, ಮೊದಲೇ ಆರಿಸಿಕೊಳ್ಳಿ. ಬಂದವರ ಜತೆ ಕೂತು ಮಾತಾಡುವುದು ನಿಮ್ಮ ಕೆಲಸವಾದರೆ ಅಡುಗೆ ನಿಮ್ಮದಲ್ಲ. ಅಮ್ಮನವರ ದರ್ಶನಕ್ಕೆ ಹೋಗುವುದಾದರೆ ಜನ ಕಡಿಮೆ ಇರುವ ಹೊತ್ತಿಗೆ, ಬೇಕಿದ್ದರೆ ಜಾತ್ರೆ ಮುಗಿದ ಮೇಲಿನ ವಾರ ಹೋಗಿ. ತಾಯಿ ಎಲ್ಲಿಗೂ ಹೋಗುವುದಿಲ್ಲ. ಮನೆಯಲ್ಲಿ ಒಂದು ಕೋಣೆಯ ಬಾಗಿಲು ಹಾಕುವಂತಿರಲಿ. ಬಂದ ಮಕ್ಕಳ ಬ್ಯಾಗು, ಚಪ್ಪಲಿ ಗುಡ್ಡೆ ಆ ಕೋಣೆಗೆ ಬಾರದಂತೆ ನೋಡಿಕೊಳ್ಳಲು ನಿಮ್ಮ ಆ 'ಒಬ್ಬರಿಗೆ' ಹೇಳಿಡಿ.

ಎಚ್ಚರಿಕೆ: ಮಾತ್ರೆ ತಪ್ಪುವುದು, ಊಟದ ಹೊತ್ತು ಏರುಪೇರಾಗುವುದು ಇಂಥ ದಿನಗಳಲ್ಲೇ. ಸಕ್ಕರೆ ಕಾಯಿಲೆಯವರು ಬಡಿಸುತ್ತಾ ನಿಂತು ತಾವು ಉಣ್ಣದೆ ತಲೆಸುತ್ತಿ ಬೀಳುತ್ತಾರೆ. ನೀವು ಮೊದಲ ಪಂಕ್ತಿಯಲ್ಲೇ ಕೂತು ಉಣ್ಣಿ. ಯಾರಾದರೂ ಏನಾದರೂ ಅಂದರೆ ಅನ್ನಲಿ.

9. ನೋಡಲು ಬರುವವರು

ಪ್ರೀತಿಯಿಂದಲೇ ಬರುತ್ತಾರೆ. ಆದರೆ ನಾಲ್ಕು ಜನ ನಾಲ್ಕು ಹೊತ್ತಿಗೆ ಬಂದರೆ ರೋಗಿ ಎದ್ದು ಸೀರೆ ಸರಿಮಾಡಿಕೊಂಡು, ಚಹಾಕ್ಕೆ ಹೇಳಿ, ಅದೇ ಕಥೆ ನಾಲ್ಕು ಸಲ ಹೇಳಬೇಕು. ಸಂಜೆ 5ರಿಂದ 6 ಅಂತ ಒಂದು ಹೊತ್ತು ಇಟ್ಟು, ಮನೆಯ ಇನ್ನೊಬ್ಬರಿಂದ ಫೋನಿನಲ್ಲಿ ಹೇಳಿಸಿ. "ಏನಾದ್ರೂ ಬೇಕಾದ್ರೆ ಹೇಳ್ರೀ" ಅಂದವರಿಗೆ ಸುಮ್ನೆ "ಏನೂ ಬೇಡ" ಅನ್ನಬೇಡಿ. ಒಂದು ಕೆಲಸ ಹೇಳಿ: "ಗುರುವಾರ ಮಗುವನ್ನ ಶಾಲೆಯಿಂದ ಕರ್ಕೊಂಡು ಬರ್ತೀರಾ?" ಅವರಿಗೂ ಅದೇ ಬೇಕಿರುತ್ತದೆ.

ಎಳನೀರು ತರುವವರು ಬಹಳ. ಕಿಡ್ನಿ ಕಾಯಿಲೆ ಇದ್ದು ಪೊಟ್ಯಾಸಿಯಂ ಕಡಿಮೆ ಮಾಡಿ ಅಂದಿದ್ದರೆ ಎಳನೀರು ಕುಡಿಯಬಾರದು. ದಾಕ್ಷಿಣ್ಯಕ್ಕೂ ಬೇಡ. ಬಂದವರು ಹೇಳುವ ನಾಟಿ ಔಷಧಿ, ಕಷಾಯಗಳನ್ನು ಕೇಳಿಸಿಕೊಂಡು "ಡಾಕ್ಟರನ್ನ ಕೇಳಿ ತಗೋತೀನಿ" ಅಂದುಬಿಡಿ. ವಾದಕ್ಕೆ ಇಳಿಯಲು ಶಕ್ತಿ ಖರ್ಚು ಮಾಡಬೇಡಿ.

10. ಜಾಸ್ತಿ ಮಾಡುವುದು ಯಾವಾಗ, ಕುಸಿದರೆ ಏನು

ಹತ್ತು ದಿನ ಡೈರಿಯ ಅಂಕ ಏರದೆ ಒಂದೇ ತರ ಇದ್ದರೆ ಒಂದು ಕೆಲಸವನ್ನು ಮಾತ್ರ ಸ್ವಲ್ಪ ಹೆಚ್ಚಿಸಿ. ದಾವಣಗೆರೆಯ ಕುಂದುವಾಡ ಕೆರೆ ಏರಿಯ ಮೇಲೆ ಹತ್ತು ನಿಮಿಷ ನಡೆಯುತ್ತಿದ್ದರೆ ಹನ್ನೆರಡು ನಿಮಿಷ. ವಾಪಸ್ ಬರುವ ದಾರಿಯನ್ನೂ ಲೆಕ್ಕ ಹಾಕಿ. ಚಿತ್ರದುರ್ಗದವರು ಕೋಟೆ ಹತ್ತಿ ತಮ್ಮ ಶಕ್ತಿ ಪರೀಕ್ಷೆ ಮಾಡಿಕೊಳ್ಳಬೇಡಿ. ಹತ್ತಿದವರು ಇಳಿಯಲೂ ಬೇಕು. ಶ್ರಮದ ನಂತರ ಕುಸಿಯುವ ಗುಂಪಿನವರು ಡಾಕ್ಟರನ್ನು ಕೇಳದೆ ಏನನ್ನೂ ಹೆಚ್ಚಿಸಬೇಡಿ.

ಕುಸಿದರೆ ಎರಡು-ಮೂರು ದಿನ ಹಾಳೆಯನ್ನು ಅರ್ಧಕ್ಕೆ ಇಳಿಸಿ. ಪೂರ್ತಿ ಹಾಸಿಗೆ ಹಿಡಿಯಬೇಕಾಗಿ ಬಂದರೂ ಡಾಕ್ಟರು ಬೇಡ ಅಂದಿರದಿದ್ದರೆ ಮಲಗಿದಲ್ಲೇ ಪಾದ ಮೇಲೆ ಕೆಳಗೆ ಆಡಿಸುತ್ತಿರಿ, ಆಗಾಗ ಎದ್ದು ಕೂತುಕೊಳ್ಳಿ. ಬಹಳ ದಿನ ಅಲುಗಾಡದೆ ಮಲಗಿದರೆ ಮಾಂಸಖಂಡ ಕರಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವೂ ಇದೆ. ಆಮೇಲೆ ಡೈರಿಯಲ್ಲಿ ಹಿಂದಿನ ಮೂರು ದಿನ ಓದಿ. ಕಾರಣ ಸಿಕ್ಕರೆ ಹಾಳೆ ಬದಲಾಯಿಸಿ, ಸಿಗದಿದ್ದರೆ ಬಿಟ್ಟುಬಿಡಿ. ಕಾಯಿಲೆ ಕೆಲವೊಮ್ಮೆ ಕಾರಣವಿಲ್ಲದೆಯೂ ಕೆರಳುತ್ತದೆ.

ಇವು ಸುಸ್ತಲ್ಲ, ಕಾಯಬೇಡಿ

ವಿಶ್ರಾಂತಿ ತಗೊಂಡರೆ ಸರಿಹೋಗುತ್ತೆ ಅಂತ ಇವುಗಳಿಗೆ ಕಾಯಬಾರದು: ಎದೆನೋವು ಅಥವಾ ಎದೆ ಒತ್ತಿದ ಹಾಗಾಗುವುದು, ಕೂತಲ್ಲೇ ಉಸಿರು ಕಟ್ಟುವುದು, ಒಂದೇ ಮೀನಖಂಡ ಊದಿ ನೋಯುವುದು, ಮುಖ ಅಥವಾ ಕೈ ಒಂದು ಕಡೆಗೆ ಸೊಟ್ಟಗಾಗಿ ಬಲ ಕಳೆದುಕೊಳ್ಳುವುದು, ಎಚ್ಚರ ತಪ್ಪುವುದು. ಡೆಂಗಿಯಲ್ಲಿ ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಅಥವಾ ಮೂಗಿನಿಂದ ರಕ್ತ, ಮೂತ್ರ ಕಡಿಮೆಯಾಗುವುದು. ಕೀಮೋ ನಡೆಯುತ್ತಿರುವವರಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್, ದಾಟಿದ ಜ್ವರವೂ ತುರ್ತೇ. ಬದುಕೇ ಬೇಡ ಅನ್ನುವ ಯೋಚನೆ ಬಂದರೂ ಅದು ತುರ್ತು ಅಂತಲೇ ತಿಳಿಯಿರಿ. ಮನೆಯವರಿಗೆ ಆ ಕ್ಷಣವೇ ಹೇಳಿ, ಒಬ್ಬರೇ ಇರಬೇಡಿ, 14416ಕ್ಕೆ ಫೋನ್ ಮಾಡಿ.

ಆಂಬುಲೆನ್ಸ್ ನಂಬರ್ 108. ಅದನ್ನು, ನಿಮ್ಮ ಮಾತ್ರೆಗಳ ಹೆಸರನ್ನು, ರಕ್ತದ ಗುಂಪನ್ನು ಡೈರಿಯ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು, ಆ ಡೈರಿ ಎಲ್ಲಿದೆ ಅಂತ ಮನೆಯಲ್ಲಿ ಇಬ್ಬರಿಗಾದರೂ ತೋರಿಸಿಡಿ.